ಲ್ಯಾಟಿನ್ ಕುಣಿತದ ಹಾಡುಗಳಲ್ಲಿ ಸಮ ಎಲ್ಲಿ ಕೂತಿರುತ್ತದೆ?

ತಕದಿಮಿ (ವಿಷಯ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಏಳು ವರ್ಷ ಮೃದಂಗ ಕಲಿತು, ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಬಿಟ್ಟವಳು ನಾನು. ಹೋದ ವರ್ಷ ಬೆಂಗಳೂರಿನ ಒಂದು ಸಾಲ್ಸಾ ಕುಣಿತದ ತರಗತಿಗೆ ಸೇರಿಕೊಂಡೆ. ಅಲ್ಲಿ ಹೇಳಿಕೊಡುವವರು "ಒನ್ ಟೂ ತ್ರೀ, ಫೈವ್ ಸಿಕ್ಸ್ ಸೆವೆನ್" ಎಂದು ಎಣಿಸುತ್ತಾರೆ. ನಾಲ್ಕಕ್ಕೂ ಎಂಟಕ್ಕೂ ಹೆಜ್ಜೆಯಿಲ್ಲ. ಎಣಿಕೆ ಅವರ ಬಾಯಲ್ಲಿರುವಷ್ಟು ಹೊತ್ತು ನನ್ನ ಕಾಲು ಸರಿಯಾಗಿಯೇ ನಡೆಯುತ್ತದೆ. ಅವರು ಸುಮ್ಮನಾಗಿ ಹಾಡೊಂದೇ ಉಳಿದರೆ ನಾಲ್ಕು ಆವರ್ತ ಮುಗಿಯುವಷ್ಟರಲ್ಲಿ ನನಗೆ ಸಮ, ಅಂದರೆ ಆವರ್ತದ ಮೊದಲ ಎಣಿಕೆ, ತಪ್ಪಿಹೋಗಿರುತ್ತದೆ. ಆದಿತಾಳವನ್ನು ನಿದ್ದೆಗಣ್ಣಿನಲ್ಲೂ ಹಾಕುತ್ತಿದ್ದ ಕೈ, ಎಂಟೇ ಎಣಿಕೆಯ ಹಾಡಿನಲ್ಲಿ ಹೀಗೆ ಸೋಲುವುದನ್ನು ಕಂಡು ನನಗೇ ನಾಚಿಕೆಯಾಗಿದೆ.

ರೆಗೆಟಾನ್ ಎಂಬ, ಸ್ಪ್ಯಾನಿಷ್ ಮಾತಿನ ಕುಣಿತದ ಹಾಡುಗಳ ವಿಷಯದಲ್ಲಿ ಇದಕ್ಕೆ ತೀರಾ ವಿರುದ್ಧವಾದ ಅನುಭವ. ಅದರಲ್ಲಿ ಸಮ ತಪ್ಪುವುದೇ ಇಲ್ಲ, ಆದರೆ ಹತ್ತು ಹಾಡು ಕೇಳಿದರೆ ಒಂದೇ ಹಾಡನ್ನು ಹತ್ತು ಸಲ ಕೇಳಿದಂತಾಗುತ್ತದೆ. ಹೀಗಾಗಿ ಬಲ್ಲವರಲ್ಲಿ ನನ್ನ ಪ್ರಶ್ನೆಗಳಿವು. ಸಾಲ್ಸಾದಲ್ಲಿ ಸಮವನ್ನು ಮರೆಮಾಚುವುದು ಯಾವ ವಾದ್ಯ? ರೆಗೆಟಾನಿನ ಆ ಒಂದೇ ಪೆಟ್ಟು ಹುಟ್ಟಿದ್ದು ಎಲ್ಲಿ? ಇಷ್ಟು ಬೇರೆಬೇರೆಯಾದ ಎರಡನ್ನೂ "ಲ್ಯಾಟಿನ್" ಎಂಬ ಒಂದೇ ಚೀಲಕ್ಕೆ ತುಂಬುವುದು ಸರಿಯೇ?

ಐದು ಆರು ಏಳು

ತಕದಿಮಿ ಅವರೇ, ಹನ್ನೆರಡು ವರ್ಷದಿಂದ ಬೆಂಗಳೂರಿನ ಕುಣಿತದ ಕೂಟಗಳಲ್ಲಿ, ಅಂದರೆ ಸೋಷಿಯಲ್‌ಗಳಲ್ಲಿ ಕುಣಿಯುತ್ತಿರುವ ನಾನು ಮೊದಲನೆಯದಕ್ಕೆ ಮಾತ್ರ ಧೈರ್ಯವಾಗಿ ಉತ್ತರ ಹೇಳಬಲ್ಲೆ. ನಿಮ್ಮನ್ನು ದಾರಿ ತಪ್ಪಿಸುತ್ತಿರುವುದು ಬೇಸ್. ನಾವು ಕೇಳಿ ಬೆಳೆದ ಸಿನಿಮಾ ಹಾಡುಗಳಲ್ಲಿ ಬೇಸ್ ಗಿಟಾರು ಬಹುಮಟ್ಟಿಗೆ ಸಮದ ಮೇಲೆಯೇ ಗಟ್ಟಿಯಾಗಿ ಕೂರುತ್ತದೆ, ಕಿವಿಯೂ ಅದನ್ನೇ ನಂಬಿಕೊಂಡಿರುತ್ತದೆ. ಸಾಲ್ಸಾದಲ್ಲಿ ಬೇಸ್ ನುಡಿಸುವ ಕ್ರಮಕ್ಕೆ ತುಂಬಾವೊ ಎನ್ನುತ್ತಾರೆ. ಆ ಕ್ರಮದಲ್ಲಿ ಅದು ನುಡಿಯುವುದು ಎರಡೂವರೆಗೆ, ನಾಲ್ಕಕ್ಕೆ, ಆಮೇಲೆ ಆರೂವರೆಗೆ, ಎಂಟಕ್ಕೆ. ಒಂದನೆಯ ಎಣಿಕೆಯಲ್ಲಿ ಅದು ಹೊಸದಾಗಿ ಏನನ್ನೂ ನುಡಿಸುವುದಿಲ್ಲ, ಎಂಟರಲ್ಲಿ ಮೀಟಿದ ಸ್ವರವೇ ಒಂದರ ಮೇಲೂ ಹರಿದಿರುತ್ತದೆ. ಮುಂದಿನ ಆವರ್ತಕ್ಕೆ ಸೇರಬೇಕಾದ ಸ್ವರವು ಹಿಂದಿನ ಆವರ್ತದ ಕೊನೆಯಲ್ಲೇ ಬಂದುಬಿಡುವುದರಿಂದ ಹೊಸಬರು ಎಂಟನ್ನೇ ಒಂದೆಂದು ತಿಳಿದು ಹೆಜ್ಜೆ ಹಾಕುತ್ತಾರೆ.

ಕಾಂಗಾ ಎಂಬ, ಕೈಯಿಂದ ಬಾರಿಸುವ ಉದ್ದನೆಯ ಡ್ರಮ್ ಕೂಡ ಈ ವಿಷಯದಲ್ಲಿ ನಿಮಗೆ ಹೆಚ್ಚು ಸಹಾಯ ಮಾಡದು. ಅದರ ಚಟಾರ್ ಎಂಬ ಪೆಟ್ಟು ಎರಡು ಮತ್ತು ಆರಕ್ಕೆ ಬೀಳುತ್ತದೆ, ಗುಂಯ್ ಎನ್ನುವ ತೆರೆದ ಪೆಟ್ಟುಗಳು ನಾಲ್ಕು ಮತ್ತು ನಾಲ್ಕೂವರೆಗೆ, ಎಂಟು ಮತ್ತು ಎಂಟೂವರೆಗೆ ಕೇಳಿಸುತ್ತವೆ. ಆದರೆ ಹಾಡಿನ ಎರಡನೆಯ ಭಾಗದಲ್ಲಿ, ಮುಖ್ಯ ಗಾಯಕನಿಗೆ ಹಿಂದಿನವರು ಒಂದೇ ಸಾಲನ್ನು ಮತ್ತೆಮತ್ತೆ ಹೇಳಿ ಉತ್ತರ ಕೊಡಲು ಶುರುಮಾಡಿದಾಗ, ಬಾಂಗೋ ಬಾರಿಸುತ್ತಿದ್ದವನು ಬಾಂಗೋ ಪಕ್ಕಕ್ಕಿಟ್ಟು ಒಂದು ದೊಡ್ಡ ಗಂಟೆಯನ್ನು ಕೈಗೆತ್ತಿಕೊಳ್ಳುತ್ತಾನೆ. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಕಂಪಾನಾ ಎಂದು ಹೆಸರು. ಅದರ ಭಾರವಾದ ಪೆಟ್ಟುಗಳು ಒಂದು, ಮೂರು, ಐದು, ಏಳಕ್ಕೆ ನೇರವಾಗಿ ಬೀಳುತ್ತವೆ. ಒಂದು ತಿಂಗಳ ಮಟ್ಟಿಗೆ ಬೇರೇನನ್ನೂ ಕೇಳದೆ ಆ ಗಂಟೆಯನ್ನೇ ಹಿಡಿದುಕೊಳ್ಳಿ.

ಇನ್ನೊಂದು ಮಾತು. ನ್ಯೂಯಾರ್ಕಿನಲ್ಲಿ ಎಡ್ಡಿ ಟೋರೆಸ್ ಅವರು ಕಲಿಸಿ ಹರಡಿದ ಕ್ರಮದಲ್ಲಿ ಹೆಜ್ಜೆಯ ತಿರುವು ಎರಡರ ಮೇಲೆ, ಅಂದರೆ ಕಾಂಗಾದ ಆ ಚಟಾರ್ ಪೆಟ್ಟಿನ ಜೊತೆ ಬರುತ್ತದೆ. ಒಂದರ ಮೇಲೋ ಎರಡರ ಮೇಲೋ ಎಂಬ ಜಗಳ ನಮ್ಮ ಸೋಷಿಯಲ್‌ಗಳಲ್ಲೂ ನಡೆಯುತ್ತಲೇ ಇರುತ್ತದೆ; ಅದನ್ನು ಇಲ್ಲಿಗೆ ತರುವುದು ಬೇಡ.

ಹಳೇ ಕ್ಯಾಸೆಟ್

ಮೇಲಿನವರು ಹೇಳಿದ್ದು ಸರಿ, ಆದರೆ ಆ ಬೇಸ್ ಹಾಗೇಕೆ ನುಡಿಯುತ್ತದೆ ಎಂಬುದನ್ನು ಮೃದಂಗ ಕಲಿತವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ಎಂಟು ಎಣಿಕೆಯನ್ನು ಹದಿನಾರು ಮಾತ್ರೆಗಳಾಗಿ ಒಡೆದುಕೊಂಡು ಬಾಯಲ್ಲಿ ಹೀಗೆ ಹೇಳಿ: ತಕಿಟ ತಕಿಟ ತಕದಿಮಿ ತಕ ತಕದಿಮಿ. ಪ್ರತಿ ಗುಂಪಿನ ಮೊದಲಕ್ಷರಕ್ಕೆ ಒಂದು ಚಪ್ಪಾಳೆ ಹಾಕಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು, ಒಟ್ಟು ಹದಿನಾರು. ಕ್ಯೂಬಾದ ಸೋನ್ ಸಂಗೀತದಿಂದ ಬಂದ ಕ್ಲಾವೆ ಎಂಬುದು ಇದೇ. ಕುಣಿಯುವವರ ಎಣಿಕೆಯಲ್ಲಿ ಇದೇ ಚಪ್ಪಾಳೆಗಳು ಒಂದು, ಎರಡೂವರೆ, ನಾಲ್ಕು, ಆರು, ಏಳಕ್ಕೆ ಬೀಳುತ್ತವೆ. ಬೇಸ್ ನುಡಿಯುವ ಎರಡೂವರೆ ಮತ್ತು ನಾಲ್ಕು ಎಲ್ಲಿಂದ ಬಂದವು ಎಂಬುದು ಈಗ ಕಾಣುತ್ತದೆಯಲ್ಲವೇ? ಕ್ಲಾವೆಯ ಮೂರು ಪೆಟ್ಟಿನ ಭಾಗದಲ್ಲಿ ಮೊದಲನೆಯದನ್ನು ನುಂಗಿ ಉಳಿದೆರಡನ್ನು ಅದು ನುಡಿಸುತ್ತಿದೆ.

ಕ್ಲಾವೆ ಎಂಬ ಹೆಸರಿನಲ್ಲೇ ಎರಡು ಗಟ್ಟಿಮರದ ಕೋಲುಗಳ ಒಂದು ವಾದ್ಯವೂ ಇದೆ. ಆದರೆ ಆ ಕೋಲುಗಳನ್ನು ಯಾರೂ ಬಡಿಯದ ಹಾಡಿನಲ್ಲೂ ಲೆಕ್ಕ ಮಾತ್ರ ಇದ್ದೇ ಇರುತ್ತದೆ. ಪಿಯಾನೋ, ತುತ್ತೂರಿ, ಹಾಡುಗಾರನ ಸಾಲು ಎಲ್ಲವೂ ಅದಕ್ಕೆ ತಲೆಬಾಗಿ ನಡೆಯುತ್ತವೆ. ಮೂರು ಪೆಟ್ಟಿನ ಅರ್ಧ ಎಳೆದಾಡುತ್ತದೆ, ಎರಡು ಪೆಟ್ಟಿನ ಅರ್ಧ ಸಮಾಧಾನ ಮಾಡುತ್ತದೆ. ಹಾಡಿನ ಸಾಲು ಒಂದು ಅರ್ಧದ ಮೇಲೆ ಕೂತಿದ್ದು ತಾಳ ಇನ್ನೊಂದು ಅರ್ಧದಲ್ಲಿ ನಡೆದರೆ ಅಲ್ಲಿಯ ಸಂಗೀತಗಾರರು ಅದನ್ನು "ಕ್ರುಸಾದೊ", ಅಡ್ಡಬಿದ್ದದ್ದು ಎನ್ನುತ್ತಾರೆ. ನಮ್ಮ ಕಛೇರಿಯಲ್ಲಿ ಪಲ್ಲವಿಯ ಎಡುಪು (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ) ತಪ್ಪಿದಾಗ ಮುಂದಿನ ಸಾಲಿನಲ್ಲಿ ಕೂತ ಹಿರಿಯರ ಮುಖ ಹೇಗಾಗುತ್ತದೆಯೋ ಅವರ ಮುಖವೂ ಆಗ ಹಾಗೆಯೇ ಆಗುತ್ತದೆಂದು ಊಹಿಸಿಕೊಳ್ಳಿ.

ಇನ್ನು "ಲ್ಯಾಟಿನ್" ಎಂಬ ಚೀಲದ ಮಾತು. ಸಾಲ್ಸಾ ಎಂಬುದೇ ಅಂಗಡಿಯವರು ಕೊಟ್ಟ ಹೆಸರು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಗೊಜ್ಜು ಎಂಬ ಅರ್ಥ. ಡೊಮಿನಿಕನ್ ಮೂಲದ ಕೊಳಲುಗಾರ ಜಾನಿ ಪಚೇಕೊ ಮತ್ತು ವಕೀಲ ಜೆರ್ರಿ ಮಸೂಚಿ 1964ರಲ್ಲಿ ನ್ಯೂಯಾರ್ಕಿನಲ್ಲಿ ಫಾನಿಯಾ ರೆಕಾರ್ಡ್ಸ್ ಕಂಪನಿಯನ್ನು ಆರಂಭಿಸಿ, ಮೊದಮೊದಲು ಕಾರಿನ ಡಿಕ್ಕಿಯಲ್ಲಿ ರೆಕಾರ್ಡು ತುಂಬಿಕೊಂಡು ಅಂಗಡಿ ಅಂಗಡಿಗೆ ಕೊಡುತ್ತಿದ್ದರು. ಅಮೆರಿಕವು ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿದ ಕಾಲವದು. ಕ್ಯೂಬಾದಿಂದ ಹೊಸ ಸಂಗೀತ ಬರುವ ದಾರಿ ಮುಚ್ಚಿದ ಮೇಲೆ, ಅಲ್ಲಿಯ ಸೋನ್ ಮತ್ತು ಮಾಂಬೊಗಳನ್ನು ಕೆರಿಬಿಯನ್ ದ್ವೀಪವಾದ ಪೋರ್ಟೊರಿಕೋ ಮೂಲದ ನ್ಯೂಯಾರ್ಕ್ ಹುಡುಗರು ತಮ್ಮ ಬೀದಿಯ ಮಾತಿಗೆ ತಿರುಗಿಸಿಕೊಂಡರು. ವಿಲ್ಲಿ ಕೊಲೊನ್, ಹೆಕ್ತೊರ್ ಲಾವೊ, ಪನಾಮಾದಿಂದ ಬಂದ ರೂಬೆನ್ ಬ್ಲೇಡ್ಸ್ ಬೆಳೆದದ್ದು ಈ ಕಂಪನಿಯ ನೆರಳಿನಲ್ಲಿ. ಮಾಂಬೊ ಕಾಲದ ಹಿರಿಯ ತಿಟೊ ಪುಯೆಂಟೆಗೆ ಈ ಹೊಸ ಹೆಸರು ಕಂಡರೆ ಆಗುತ್ತಿರಲಿಲ್ಲ. ಸಾಲ್ಸಾ ಎಂದರೆ ತಿನ್ನುವ ಪದಾರ್ಥ, ತಾನು ನುಡಿಸುವುದು ಕ್ಯೂಬಾದ ಸಂಗೀತ ಎಂಬರ್ಥದಲ್ಲಿ ಅವರು ಮಾತಾಡುತ್ತಿದ್ದರು. ಹೀಗಾಗಿ ಹೆಸರಿನ ಜಗಳ ರೆಗೆಟಾನಿಗಿಂತ ಬಹಳ ಹಿಂದಿನದು.

ರಿದಂ ಪ್ಯಾಡ್ ದಾವಣಗೆರೆ

ನಾನು ಆರ್ಕೆಸ್ಟ್ರಾದಲ್ಲಿ ಆಕ್ಟಾಪ್ಯಾಡ್ ನುಡಿಸುವವನು, ಗಣಪತಿ ಹಬ್ಬದಿಂದ ಆಚೆಗೆ ಎರಡು ತಿಂಗಳು ನಮಗೆ ನಿದ್ದೆಯಿಲ್ಲ. ರೆಗೆಟಾನ್ ಪೆಟ್ಟನ್ನು ಹೆಸರು ತಿಳಿಯುವ ಮೊದಲೇ ನೂರಾರು ವೇದಿಕೆಗಳಲ್ಲಿ ನುಡಿಸಿದ್ದೇನೆ, ಏಕೆಂದರೆ ಈ ಇಪ್ಪತ್ತು ವರ್ಷಗಳ ಕನ್ನಡ ಸಿನಿಮಾ ಹಾಡುಗಳಲ್ಲಿ ಅದು ಧಾರಾಳವಾಗಿ ಬಂದಿದೆ. ಹಳೇ ಕ್ಯಾಸೆಟ್ ಸಾರ್ ಹೇಳಿದ ಲೆಕ್ಕದಲ್ಲೇ ಅದನ್ನೂ ಬಿಡಿಸಿ ತೋರಿಸುತ್ತೇನೆ. ಎಂಟು ಮಾತ್ರೆ ತೆಗೆದುಕೊಳ್ಳಿ. ಒಂದನೆಯದಕ್ಕೂ ಐದನೆಯದಕ್ಕೂ ಕಿಕ್ ಎಂಬ ದಪ್ಪ ಪೆಟ್ಟು, ನಾಲ್ಕನೆಯದಕ್ಕೂ ಏಳನೆಯದಕ್ಕೂ ಸ್ನೇರ್ ಎಂಬ ಚುರುಕು ಪೆಟ್ಟು. ಈಗ ಬಾಯಲ್ಲಿ "ತಕಿಟ ತಕಿಟ ತಕ" ಎಂದು ಹೇಳಿಕೊಂಡರೆ ಮೂರು ಗುಂಪುಗಳ ಮೊದಲಕ್ಷರಗಳು ಬೀಳುವುದು ಒಂದು, ನಾಲ್ಕು, ಏಳಕ್ಕೆ. ಐದನೆಯ ಮಾತ್ರೆಯ ಕಿಕ್ ಒಂದು ಮಾತ್ರ ನೇರ ನಡೆಯ ಕಾವಲುಗಾರ. ಕ್ಲಾವೆಯ ಮೂರು ಪೆಟ್ಟಿನ ಅರ್ಧವನ್ನು ಮಾತ್ರ ಕತ್ತರಿಸಿಕೊಂಡು, ಅದನ್ನೇ ಮತ್ತೆ ಮತ್ತೆ ಹಚ್ಚಿದರೆ ರೆಗೆಟಾನಿನ ಬೆನ್ನುಮೂಳೆ ಸಿಗುತ್ತದೆ. ಉತ್ತರ ಕೊಡುವ ಎರಡನೆಯ ಅರ್ಧ ಅದಕ್ಕೆ ಇಲ್ಲ, ತಕದಿಮಿ ಮೇಡಂ ಅವರಿಗೆ ಸಮ ತಪ್ಪದಿರುವುದಕ್ಕೂ ಬೇಸರ ಬರುವುದಕ್ಕೂ ಕಾರಣ ಅದೇ ಇರಬೇಕು.

ಆದರೆ ಒಂದು ಎಚ್ಚರಿಕೆ ಹೇಳಬೇಕು. ಮೂರು-ಮೂರು-ಎರಡು ಎಂಬ ಲೆಕ್ಕ ಲೋಕದ ಹತ್ತಾರು ಕಡೆ ಇದೆ, ನಮ್ಮಲ್ಲಿಯೂ ಇದೆ. ಸೊಲ್ಲಿನಲ್ಲಿ ಹೇಳಲು ಬಂತೆಂದ ಮಾತ್ರಕ್ಕೆ ಕ್ಯೂಬಾದವರು ನಮ್ಮಿಂದ ಕಲಿತರು ಎಂದು ಮುಂದಿನ ವಾರವೇ ಯಾರಾದರೂ ವಾಟ್ಸ್ಆ್ಯಪಿನಲ್ಲಿ ಹರಡಬಾರದು. ಕೆರಿಬಿಯನ್‌ಗೆ ಅದು ಬಂದದ್ದು ಗುಲಾಮರನ್ನಾಗಿ ಹಿಡಿದು ಸಾಗಿಸಿದ ಆಫ್ರಿಕದ ಜನರ ಜೊತೆಗೆ.

ನಮ್ಮ ಹಿರಿಯ ವಾದ್ಯಗಾರರು ಕಾಂಗಾವನ್ನು "ತುಂಬಾ" ಎಂದೇ ಕರೆಯುತ್ತಿದ್ದರು. ತುಂಬಾ, ಬಾಂಗೋ, ಮರಾಕಾಸ್ ಇವೆಲ್ಲ ಸಿನಿಮಾ ವಾದ್ಯಗೋಷ್ಠಿಗೆ ಬಂದು ಎಷ್ಟೋ ದಶಕಗಳಾದವು. ಕೀಬೋರ್ಡಿನ ಸ್ಟೈಲ್ ಪಟ್ಟಿಯಲ್ಲಿ ರುಂಬಾ, ಸಾಂಬಾ, ಬೋಸಾನೋವಾ ಎಂಬ ಗುಂಡಿ ಒತ್ತಿ ಭಾವಗೀತೆ ಹಾಡಿಸಿದ ಪಾಪ ನನ್ನ ತಲೆಯ ಮೇಲೂ ಇದೆ.

ತಕದಿಮಿ

ಮೂವರಿಗೂ ಕೃತಜ್ಞತೆಗಳು. ಬೇಸ್ ಮಾಡುತ್ತಿರುವುದನ್ನು ನಮ್ಮ ಮಾತಿನಲ್ಲಿ ಅತೀತ ಎಡುಪು ಎಂದು ಇಟ್ಟುಕೊಳ್ಳಬಹುದೆಂದು ತೋರುತ್ತದೆ. ತಾಳದ ಸಮಕ್ಕಿಂತ ಮೊದಲೇ ಸ್ವರ ಎದ್ದುಬಿಡುವುದು. ಗಂಟೆಯನ್ನು ಹುಡುಕಿ ಕೇಳುತ್ತಿದ್ದೇನೆ. ರೆಗೆಟಾನಿನ ಪೆಟ್ಟು ಹುಟ್ಟಿದ ಊರು ಯಾವುದು ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಹಡ್ಸನ್ ದಂಡೆ

ನ್ಯೂಜೆರ್ಸಿಯ ಒಂದು ಗೋದಾಮಿನಲ್ಲಿ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಮಧ್ಯಾಹ್ನ ಪನಾಮಾದವರೊಬ್ಬರು, ಪೋರ್ಟೊರಿಕೋದವರಿಬ್ಬರು, ಡೊಮಿನಿಕನ್ ಗಣರಾಜ್ಯದ ನಾಲ್ಕೈದು ಜನ ಒಂದೇ ಮೇಜಿಗೆ ಊಟಕ್ಕೆ ಕೂರುತ್ತಾರೆ. ರೆಗೆಟಾನ್ ಯಾರದು ಎಂಬ ಮಾತು ಎದ್ದರೆ ಎಲ್ಲರ ಊಟವೂ ಆರಿ ತಣ್ಣಗಾಗುತ್ತದೆ. ವರ್ಷಗಟ್ಟಲೆ ಆ ಜಗಳ ಕೇಳಿ, ಆಮೇಲೆ ಓದಿ, ನಾನು ಕಟ್ಟಿಕೊಂಡ ಕಥೆ ಹೀಗಿದೆ.

1904ರಿಂದ 1914ರವರೆಗೆ ಅಮೆರಿಕದವರು ಪನಾಮಾ ಕಾಲುವೆ ತೋಡಿಸಿದಾಗ ಕೆರಿಬಿಯನ್ ದ್ವೀಪಗಳಿಂದ ಕೂಲಿಯವರನ್ನು ಹಡಗುಗಳಲ್ಲಿ ಕರೆತಂದರು. ಬಾರ್ಬಡೋಸ್ ಒಂದರಿಂದಲೇ ಕರಾರಿನ ಮೇಲೆ ಸುಮಾರು 20,000 ಜನ ಬಂದರು; ಜಮೈಕಾದವರೂ ಬಹಳ ಮಂದಿ ಇದ್ದರು. ಅವರ ಮಕ್ಕಳು ಮೊಮ್ಮಕ್ಕಳು ಮನೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಸ್ಪ್ಯಾನಿಷ್ ಮಾತಾಡುತ್ತ ಬೆಳೆದರು. ಜಮೈಕಾದ ರೆಗೆ ಮತ್ತು ಡ್ಯಾನ್ಸ್‌ಹಾಲ್ ಹಾಡುಗಳು ಅವರಿಗೆ ನೆಂಟರ ಮನೆಯಿಂದ ಬಂದ ಬುತ್ತಿಯಂತಿದ್ದವು. 1980ರ ದಶಕದಲ್ಲಿ ಅವರು ಅದೇ ಹಾಡುಗಳ ತಾಳಕ್ಕೆ ಸ್ಪ್ಯಾನಿಷ್ ಮಾತು ಕಟ್ಟತೊಡಗಿದರು. ನಗರ ಸಾರಿಗೆಯ ಬಣ್ಣಬಣ್ಣದ ಬಸ್ಸುಗಳ ಸ್ಪೀಕರುಗಳೇ ಅದಕ್ಕೆ ಮೊದಲ ಸಭಾಂಗಣ. ಎಲ್ ಜೆನೆರಾಲ್ ಎಂಬ ಎಡ್ಗಾರ್ಡೊ ಫ್ರಾಂಕೊ, ನಾಂಡೊ ಬೂಮ್ ಎಂಬ ಫರ್ನಾಂಡೊ ಬ್ರೌನ್ ಅಲ್ಲಿಂದ ಎದ್ದವರು.

ಪೆಟ್ಟಿನ ಮಾತಿಗೆ ಬಂದರೆ ಅದು ಜಮೈಕಾದ್ದು. 1989ರಲ್ಲಿ ಸ್ಟೀಲಿ ಮತ್ತು ಕ್ಲೀವಿ ಎಂಬ ಜೋಡಿ "ಫಿಶ್ ಮಾರ್ಕೆಟ್" ಎಂಬ, ಹಾಡಿಲ್ಲದ ಬರೀ ವಾದ್ಯದ ತುಣುಕೊಂದನ್ನು ಮಾಡಿತು. ಮರುವರ್ಷ ಶಾಬಾ ರಾಂಕ್ಸ್ ಹಾಡಿದ "ಡೆಮ್ ಬೋ" ಅದೇ ಜಾಡಿನಲ್ಲಿ ಬಂತು. ಪರದೇಶದವರ ಮುಂದೆ ತಲೆಬಾಗುವವರನ್ನೂ ಸಲಿಂಗಿಗಳನ್ನೂ ಒಟ್ಟಿಗೆ ಹೀಯಾಳಿಸುವ ಹಾಡದು. ಆ ಹೆಸರು ಉಳಿದು ಅದರ ಮಾತು ಮರೆತುಹೋದದ್ದು ಒಳ್ಳೆಯದೇ ಆಯಿತು. ಆಮೇಲೆ ನ್ಯೂಯಾರ್ಕಿನಲ್ಲಿ ಡೆನಿಸ್ ಹ್ಯಾಲಿಬರ್ಟನ್ ಎಂಬ ಜಮೈಕಾ ಮೂಲದ ನಿರ್ಮಾಪಕರು ನಾಂಡೊ ಬೂಮ್ ಹಾಡಿಗಾಗಿ ಆ ತಾಳವನ್ನು ಹೊಸದಾಗಿ ನುಡಿಸಿದರು. ಆ ರೆಕಾರ್ಡಿನ ಹಾಡಿಲ್ಲದ ಮಗ್ಗುಲು ಪೋರ್ಟೊರಿಕೋದ ಡೀಜೆಗಳ ಕೈಗೆ ಸಿಕ್ಕಿತು. ಅವರು ಅದನ್ನು ಕತ್ತರಿಸಿ ಅಂಟಿಸಿ ಮಾಡಿದ ಹಾಡುಗಳಿಗೆ ಲೆಕ್ಕವಿಲ್ಲ. ಹೀಗಾಗಿ ನಮ್ಮ ಊಟದ ಮೇಜಿನಲ್ಲಿ ಎಲ್ಲರೂ ಗೆಲ್ಲುತ್ತಾರೆ: ತಾಳ ಜಮೈಕಾದ ಕಿಂಗ್‌ಸ್ಟನ್ನಿನದು, ಸ್ಪ್ಯಾನಿಷ್ ನಾಲಗೆ ಪನಾಮಾದ್ದು, ಆ ಎರಡನ್ನೂ ಕೂಡಿಸಿದ ಸ್ಟುಡಿಯೋ ನ್ಯೂಯಾರ್ಕಿನದು, ಅದನ್ನು ಬೇರೆಯೇ ಒಂದು ಸಂಗೀತವಾಗಿ ಸಾಕಿ ಬೆಳೆಸಿದ್ದು ಪೋರ್ಟೊರಿಕೋ.

ಸಾಕಿದ್ದು ಎಂದೆನಲ್ಲ, ಅದು ಸುಲಭದ ಸಾಕಣೆಯಾಗಿರಲಿಲ್ಲ. 1990ರ ದಶಕದಲ್ಲಿ ಡೀಜೆ ಪ್ಲೇಯೆರೊ ಮುಂತಾದವರ ಕ್ಯಾಸೆಟ್ಟುಗಳು ಪೋರ್ಟೊರಿಕೋದ ರಾಜಧಾನಿ ಸಾನ್ ಹ್ವಾನ್ ನಗರದ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. 1995ರಲ್ಲಿ ಪೊಲೀಸರು ರೆಕಾರ್ಡ್ ಅಂಗಡಿಗಳ ಮೇಲೆ ದಾಳಿ ಮಾಡಿ ಕ್ಯಾಸೆಟ್ಟುಗಳನ್ನು ಅಶ್ಲೀಲವೆಂದು ಹೊತ್ತುಕೊಂಡು ಹೋದರು. 2002ರಲ್ಲಿ ಸೆನೆಟರ್ ವೆಲ್ಡಾ ಗೊನ್ಸಾಲೆಸ್ ಈ ಹಾಡುಗಳ ವಿಡಿಯೋಗಳ ಬಗ್ಗೆಯೂ ಪೆರ್ರೆಯೊ ಎಂಬ ಕುಣಿತದ ಬಗ್ಗೆಯೂ ಸಾರ್ವಜನಿಕ ವಿಚಾರಣೆ ನಡೆಸಿದರು. ಎರಡೇ ವರ್ಷದಲ್ಲಿ, 2004ರಲ್ಲಿ, ಪೋರ್ಟೊರಿಕೋದ ಗಾಯಕ ಡ್ಯಾಡಿ ಯಾಂಕಿಯ "ಗಾಸೊಲಿನಾ" ಲೋಕವನ್ನೆಲ್ಲ ಸುತ್ತಿ ಬಂತು. ಆ ಹಾಡಿನ ಸಂಗೀತ ಮಾಡಿದ ಲೂನಿ ಟ್ಯೂನ್ಸ್ ಜೋಡಿ ಡೊಮಿನಿಕನ್ ಮೂಲದವರು, ಅದಕ್ಕೆ ಮೊದಲು ಹಾರ್ವರ್ಡ್ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಕೆಲಸ ಮಾಡುತ್ತಿದ್ದವರು.

ಇದೇ ಪ್ರಶ್ನೆ ನ್ಯಾಯಾಲಯಕ್ಕೂ ಹೋಗಿದೆ. ಕ್ಲೀವಿಯವರೂ ದಿವಂಗತ ಸ್ಟೀಲಿಯವರ ವಾರಸುದಾರರೂ 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿ, ಸಾವಿರಕ್ಕೂ ಹೆಚ್ಚು ರೆಗೆಟಾನ್ ಹಾಡುಗಳು "ಫಿಶ್ ಮಾರ್ಕೆಟ್"ನಿಂದ ಎತ್ತಿಕೊಂಡವು ಎಂದು ವಾದಿಸಿದರು. ಆರೋಪಿತರ ಪಟ್ಟಿಯಲ್ಲಿ ಈ ಸಂಗೀತದ ಹೆಚ್ಚುಕಡಿಮೆ ಎಲ್ಲ ದೊಡ್ಡ ಹೆಸರುಗಳೂ ಇವೆ. 2024ರಲ್ಲಿ ನ್ಯಾಯಾಧೀಶರು ಮೊಕದ್ದಮೆಯನ್ನು ಆರಂಭದಲ್ಲೇ ವಜಾ ಮಾಡಲು ಒಪ್ಪಲಿಲ್ಲ.

ರಿದಂ ಪ್ಯಾಡ್ ದಾವಣಗೆರೆ

ಸಾರ್, ಈ ಮೊಕದ್ದಮೆಯ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆ. ಆದಿತಾಳಕ್ಕೆ ಒಡೆಯರಿಲ್ಲ, ತಕಿಟ ತಕಿಟ ತಕ ಎಂಬುದಕ್ಕೂ ಇರಬಾರದು. ನಾಳೆ ಯಾರೋ ಒಬ್ಬರು ಕಹರ್ವಾ ತನ್ನದೆಂದು ಕಾಗದ ತಂದರೆ ನಮ್ಮ ಆರ್ಕೆಸ್ಟ್ರಾಗಳು ಬಾಗಿಲು ಹಾಕಬೇಕಾಗುತ್ತದೆ. ಇನ್ನೊಂದು ಕಡೆ, ಕಿಕ್ಕಿನ ನಾದ, ಸ್ನೇರಿನ ನಾದ, ಅವುಗಳ ನಡುವೆ ಟಿಂಬಾಲೆ ಎಂಬ ಲೋಹದ ಜೋಡಿ ಡ್ರಮ್ಮಿನ ಚೂರು, ಬೇಸಿನ ಸಾಲು ಇಷ್ಟನ್ನೂ ಒಬ್ಬ ಮನುಷ್ಯ ಕೂತು ಜೋಡಿಸಿರುತ್ತಾನೆ. ಅದನ್ನು ಹಾಗೆಯೇ ಎತ್ತಿಕೊಂಡು ಕೋಟಿಗಟ್ಟಲೆ ದುಡಿದವರು ಅವನ ಹೆಸರನ್ನಾದರೂ ಹೇಳಬೇಕಲ್ಲ. ತಾಳಕ್ಕೂ ಜೋಡಣೆಗೂ ನಡುವಿನ ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ಕಿವಿಯಿಂದ ಹೇಳಬಲ್ಲೆ, ಕಾಗದದ ಮೇಲೆ ಬರೆದು ಕೊಡಿ ಎಂದರೆ ನನ್ನಿಂದ ಆಗದು.

ಐದು ಆರು ಏಳು

ಇತಿಹಾಸ ಸ್ವಾರಸ್ಯವಾಗಿದೆ, ಆದರೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಕ್ಲಾವೆಯ ಅರ್ಧವನ್ನು ಬಿಸಾಡಿದ, ಯಂತ್ರದಲ್ಲಿ ಒಂದೇ ತುಣುಕು ತಿರುಗಿಸಿದ ಸಂಗೀತವನ್ನು ಹದಿನಾಲ್ಕು ಜನ ವಾದ್ಯಗಾರರು ಬೆವರು ಸುರಿಸಿ ನುಡಿಸುವ ಸಂಗೀತದ ಪಕ್ಕದಲ್ಲಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಸೋಷಿಯಲ್‌ಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ರೆಗೆಟಾನ್ ಹಾಕಿದರೆ ಜೋಡಿಗಳು ಬಿಡಿಯಾಗಿ, ಎಲ್ಲರೂ ಅವರವರ ಪಾಡಿಗೆ ಸೊಂಟ ಅಲ್ಲಾಡಿಸುವುದಷ್ಟೇ ಉಳಿಯುತ್ತದೆ.

ಹಡ್ಸನ್ ದಂಡೆ

ಹದಿನಾಲ್ಕು ಜನರ ವಾದ್ಯಗೋಷ್ಠಿಯ ಬಗ್ಗೆ ನಿಮ್ಮಷ್ಟೇ ಗೌರವ ನನಗೂ ಇದೆ. ಆದರೆ ಎರಡು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ. ಪೋರ್ಟೊರಿಕೋದ ರೆಗೆಟಾನ್ ಗಾಯಕ ಬ್ಯಾಡ್ ಬನ್ನಿ 2025ರ ಜನವರಿಯಲ್ಲಿ ಹೊರತಂದ "ದೆಬಿ ತಿರಾರ್ ಮಾಸ್ ಫೋಟೋಸ್" ಎಂಬ ಆಲ್ಬಮ್ಮಿನಲ್ಲಿ ರೆಗೆಟಾನಿನ ಪಕ್ಕದಲ್ಲೇ ಪೋರ್ಟೊರಿಕೋದ ಜನಪದ ಸಂಗೀತವಾದ ಪ್ಲೇನಾ ಇದೆ, ಪೂರ್ಣ ಪ್ರಮಾಣದ ಸಾಲ್ಸಾ ಇದೆ. ಆ ಸಾಲ್ಸಾವನ್ನು ನುಡಿಸಿದವರು ಸಾನ್ ಹ್ವಾನ್ ನಗರದ ಸರ್ಕಾರಿ ಸಂಗೀತ ಶಾಲೆಯ ಎಳೆಯರು. ಆ ವರ್ಷ ಬೇಸಗೆಯಲ್ಲಿ ಅಲ್ಲಿಯ ಕ್ರೀಡಾಂಗಣದಲ್ಲಿ ಬ್ಯಾಡ್ ಬನ್ನಿ ಕೊಟ್ಟ ಸರಣಿ ಕಾರ್ಯಕ್ರಮಗಳ ಮೊದಲ ಒಂಬತ್ತಕ್ಕೆ ದ್ವೀಪದ ನಿವಾಸಿಗಳಿಗೆ ಮಾತ್ರ ಟಿಕೆಟ್ ಇತ್ತು. 2026ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಪ್ರಶಸ್ತಿ ಅದಕ್ಕೇ ಬಂತು. ಪೂರ್ತಿ ಸ್ಪ್ಯಾನಿಷ್‌ನಲ್ಲಿರುವ ಆಲ್ಬಮ್ಮಿಗೆ ಅದು ಸಂದದ್ದು ಅದೇ ಮೊದಲು. ಇಷ್ಟು ಹೇಳಿದ್ದು ಪ್ರಶಸ್ತಿಯ ಹೆಗ್ಗಳಿಕೆಗಲ್ಲ, ರೆಗೆಟಾನ್ ಕೇಳಿ ಬೆಳೆದ ಹುಡುಗರೇ ತುತ್ತೂರಿಯ ಹುಡುಗರನ್ನು ಹುಡುಕಿಕೊಂಡು ಹೋದರು ಎಂಬುದಕ್ಕೆ.

ಎರಡನೆಯದು ಕ್ಯೂಬಾದ ಸಂಗತಿ. ಹವಾನಾ ನಗರದ ಅಂಚಿನ ಬಡಾವಣೆಗಳನ್ನು ಅಲ್ಲಿ ರೆಪಾರ್ತೊ ಎನ್ನುತ್ತಾರೆ, ಅಲ್ಲಿ ಹುಟ್ಟಿದ ಹಾಡುಗಳಿಗೂ ಅದೇ ಹೆಸರು. ರೆಗೆಟಾನ್ ಕ್ಯೂಬಾಕ್ಕೆ ಹೋದಾಗ ಆ ಹುಡುಗರು ಕಂಪ್ಯೂಟರಿನಲ್ಲಿಯೇ ಅದಕ್ಕೆ ಐದು ಪೆಟ್ಟಿನ ಕ್ಲಾವೆಯನ್ನು ಪೂರ್ತಿಯಾಗಿ ಸೇರಿಸಿಕೊಂಡರು. ಬಿಸಾಡಿದ ಅರ್ಧವನ್ನು ಯಂತ್ರದಿಂದಲೇ ಹಿಂದಕ್ಕೆ ತಂದವರು ಅವರು.

ಕಡಲ ತಡಿ

ಮಂಗಳೂರಿನವನಾದ ನಾನು ಕಾಂಗೋದ ಕಿನ್ಶಾಸಾದಲ್ಲಿ ಮೂರು ವರ್ಷ ಬಂದರಿನ ಯಂತ್ರಗಳ ಕೆಲಸದಲ್ಲಿದ್ದೆ. "ಲ್ಯಾಟಿನ್" ಎಂಬ ಚೀಲ ಎಷ್ಟು ತೂತಾದದ್ದು ಎಂದು ಗೊತ್ತಾಗಬೇಕಾದರೆ ಆ ಊರಿನಲ್ಲಿ ಒಂದು ಶನಿವಾರ ರಾತ್ರಿ ಕಳೆಯಬೇಕು. 1930ರ ದಶಕದಿಂದ ಎಚ್‌ಎಂವಿ ಕಂಪನಿ ಜೀವಿ ಎಂಬ ಸರಣಿಯಲ್ಲಿ ಕ್ಯೂಬಾದ ರೆಕಾರ್ಡುಗಳನ್ನು ಆಫ್ರಿಕಕ್ಕೆ ಮಾರಿತು. ಅಲ್ಲಿಯವರಿಗೆ ಅದು ಪರಕೀಯವೆನಿಸಲಿಲ್ಲ, ಕಳೆದುಹೋಗಿದ್ದ ಮಗ ಹೊಸ ಅಂಗಿ ತೊಟ್ಟು ಮನೆಗೆ ಬಂದಂತಾಯಿತು. ಕಾಂಗೋದ ವಾದ್ಯಗಾರರು ಪಿಯಾನೋದ ಸಾಲುಗಳನ್ನು ಗಿಟಾರಿಗೆ ಇಳಿಸಿ ತಮ್ಮದೇ ರುಂಬಾ ಕಟ್ಟಿದರು. 1960ರಲ್ಲಿ ಬೆಲ್ಜಿಯಂ ಕೈಯಿಂದ ಸ್ವಾತಂತ್ರ್ಯ ಬರುತ್ತದೆಂದು ಖಚಿತವಾದಾಗ ಗ್ರಾಂ ಕಾಲೆ ತಂಡ ಹಾಡಿದ "ಇಂಡಿಪೆಂಡಾಂಸ್ ಚಾ ಚಾ" ಹೆಸರೇ ಹೇಳುವಂತೆ ಕ್ಯೂಬಾದ ಚಾಚಾಚಾ ನಡೆಯದು. ಒಂದು ದೇಶದ ಬಿಡುಗಡೆಯ ಹಾಡು ಬೇರೆ ಖಂಡದ ಕುಣಿತದ ತಾಳದಲ್ಲಿದ್ದರೂ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕಾಂಗೋ, ನೈಜೀರಿಯಾ, ಘಾನಾ ಕಡೆಯ ರೆಕಾರ್ಡುಗಳು ಹಡಗು ಹತ್ತಿ ಕೊಲಂಬಿಯಾದ ಕಾರ್ತಹೇನಾ, ಬರಾಂಕಿಯಾ ಬಂದರುಗಳಿಗೆ ಹೋದವು. ಅಲ್ಲಿ ಪಿಕೊ ಎಂಬ, ಬಣ್ಣ ಬಳಿದ ದೈತ್ಯ ಸ್ಪೀಕರ್ ಗೋಡೆಗಳ ಒಡೆಯರು ಬೇರೆ ಪಿಕೊದವರ ಬಳಿ ಇಲ್ಲದ ಆಫ್ರಿಕದ ರೆಕಾರ್ಡಿಗಾಗಿ ಹಂಬಲಿಸುತ್ತಿದ್ದರು. ಯಾವ ಹಾಡೆಂದು ತಿಳಿಯಬಾರದೆಂದು ರೆಕಾರ್ಡಿನ ಮೇಲಿನ ಚೀಟಿಯನ್ನೇ ಕೆರೆದು ಹಾಕುತ್ತಿದ್ದರು. ಚಂಪೇತಾ ಎಂಬ ಅಲ್ಲಿಯ ಕುಣಿತದ ಸಂಗೀತ ಹುಟ್ಟಿದ್ದು ಹೀಗೆ. ಒಂದು ಸುತ್ತು ಪೂರ್ತಿಯಾಯಿತು ನೋಡಿ: ಆಫ್ರಿಕದಿಂದ ಕ್ಯೂಬಾ, ಕ್ಯೂಬಾದಿಂದ ಕಾಂಗೋ, ಕಾಂಗೋದಿಂದ ಕೊಲಂಬಿಯಾ.

ಯಂತ್ರದ ಮೇಲೆ ಐದು ಆರು ಏಳು ಅವರಿಗಿರುವ ಸಿಟ್ಟಿಗೂ ಒಂದು ಮಾತು ಸೇರಿಸುತ್ತೇನೆ. ಕೊಲಂಬಿಯಾದ ಕಾಲಿ ನಗರದಲ್ಲಿ 1960ರ ದಶಕದ ಕುಣಿತಗಾರರಿಗೆ ನ್ಯೂಯಾರ್ಕಿನ ಹಾಡುಗಳ ವೇಗ ಸಾಲಲಿಲ್ಲ. ಅವರು ನಿಮಿಷಕ್ಕೆ 33 ಸುತ್ತಿನ ವೇಗದ ರೆಕಾರ್ಡನ್ನು 45ರಲ್ಲಿ ತಿರುಗಿಸಿ ಕುಣಿದರು, ಕಾಲಿಯ ಕುಣಿತಗಾರರ ಮಿಂಚಿನಂಥ ಕಾಲ್ಚಳಕ ಬಂದದ್ದು ಅಲ್ಲಿಂದ. ಮೆಕ್ಸಿಕೋದ ಮೊಂತೆರ್ರೈ ನಗರದಲ್ಲಿ ನಡೆದದ್ದು ಇದರ ತಲೆಕೆಳಗು. ಗಾಬ್ರಿಯೆಲ್ ದ್ವೆನ್ಯೆಸ್ ಎಂಬ ಧ್ವನಿವರ್ಧಕದ ಒಡೆಯರ ಯಂತ್ರ ಒಂದು ರಾತ್ರಿ ಕಾದು ಬಿಸಿಯಾಗಿ ನಿಧಾನಕ್ಕೆ ತಿರುಗತೊಡಗಿತು, ಕೊಲಂಬಿಯಾದ ಕುಂಬಿಯಾ ಹಾಡು ಜೋಲು ಹೊಡೆಯಿತು, ಕುಣಿಯುತ್ತಿದ್ದವರು ಹಾಗೆಯೇ ಇರಲಿ ಎಂದರು. "ರೆಬಾಹಾದಾ" ಎಂಬ ಹೆಸರಿನಲ್ಲಿ ಆ ನಿಧಾನವೇ ಒಂದು ಪ್ರಕಾರವಾಯಿತು. ಕೆಟ್ಟ ಮೋಟಾರೂ ವಾದ್ಯವಾಗಬಲ್ಲ ಲೋಕದಲ್ಲಿ ಕಂಪ್ಯೂಟರನ್ನು ಹೊರಗಿಡುವುದು ಹೇಗೆ?

ಹಳೇ ಕ್ಯಾಸೆಟ್

ಕಡಲ ತಡಿ ಅವರ ಬರಹ ಓದಿ ಬಹಳ ಸಂತೋಷವಾಯಿತು. ಜಪಾನನ್ನೂ ನಕ್ಷೆಗೆ ಸೇರಿಸಿಕೊಳ್ಳಿ. 1984ರಲ್ಲಿ ಆರಂಭವಾದ ಆರ್ಕೆಸ್ತಾ ದೆ ಲಾ ಲೂಸ್ ಎಂಬ ತಂಡದಲ್ಲಿದ್ದವರೆಲ್ಲ ಜಪಾನೀಯರು, ಹಾಡಿದ್ದು ಸ್ಪ್ಯಾನಿಷ್‌ನಲ್ಲಿ. 1990ರಲ್ಲಿ ಅವರ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಟ್ರಾಪಿಕಲ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅವರ ಕ್ಲಾವೆ ಎಲ್ಲೂ ಅಡ್ಡಬೀಳುವುದಿಲ್ಲ.

ಬೆಂಗಳೂರಿನ ಸೋಷಿಯಲ್‌ಗಳಲ್ಲಿ ಸಾಲ್ಸಾ, ಬಚಾಟಾ, ಕಿಜೊಂಬಾ ಎಂದು ಮೂರನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಕಿಜೊಂಬಾ ಆಂಗೋಲಾದ್ದು, ಅದರ ಹಾಡುಗಳು ಹೆಚ್ಚಾಗಿ ಪೋರ್ಚುಗೀಸ್‌ನಲ್ಲಿವೆ. ಬಚಾಟಾ ಡೊಮಿನಿಕನ್ ಗಣರಾಜ್ಯದ ಬಡವರ ಗಿಟಾರ್ ಹಾಡು. ಸರ್ವಾಧಿಕಾರಿ ತ್ರುಹಿಯೊ 1961ರಲ್ಲಿ ಸತ್ತ ಮೇಲಷ್ಟೇ ಅದರ ರೆಕಾರ್ಡುಗಳು ಹೊರಬಂದವು, ಆಮೇಲೂ ದಶಕಗಳ ಕಾಲ ಮರ್ಯಾದಸ್ಥರ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಈಗ ಇಲ್ಲಿ ಕಲಿಸುವ, ಮೈಗೆ ಮೈ ತಾಗಿಸಿ ಅಲೆಯಾಡುವ ಶೈಲಿ ಸ್ಪೇನಿನಲ್ಲಿ ರೂಪುಗೊಂಡದ್ದು.

ತಕದಿಮಿ

ಮೂರು ವಾರದ ಮೇಲೆ ವರದಿ ಒಪ್ಪಿಸುತ್ತಿದ್ದೇನೆ. ಗಂಟೆ ಸಿಕ್ಕಿತು. ಹಾಡಿನ ಎರಡನೆಯ ಭಾಗದಲ್ಲಿ ಅದು ಶುರುವಾದರೆ ಯಾರ ಎಣಿಕೆಯೂ ಇಲ್ಲದೆ ನನ್ನ ಕಾಲು ಸಮಕ್ಕೆ ಬರುತ್ತದೆ. ರೆಗೆಟಾನಿನಲ್ಲೂ ತಾಳವನ್ನು ಮರೆತು, ಅದರ ಮೇಲೆ ಹಾಡುವವರ ಮಾತು ಎಲ್ಲಿ ಜಾರುತ್ತದೆ, ಎಲ್ಲಿ ತಡೆಯುತ್ತದೆ ಎಂಬುದನ್ನು ಕೇಳತೊಡಗಿದ ಮೇಲೆ ಹತ್ತು ಹಾಡು ಹತ್ತಾಗಿ ಕೇಳಿಸುತ್ತಿವೆ.

ಒಂದು ತೊಡಕು ಮಾತ್ರ ಉಳಿದಿದೆ. ತಕಿಟ ತಕಿಟ ತಕದಿಮಿ ತಕ ತಕದಿಮಿ ಎಂದು ಚಪ್ಪಾಳೆ ಹಾಕುತ್ತ ಹೋದರೆ ಕೆಲವು ಹಾಡುಗಳಿಗೆ ಅದು ಕೈಗವಸಿನಂತೆ ಕೂರುತ್ತದೆ, ಹೆಚ್ಚಿನವುಗಳಿಗೆ ಹೊಂದುವುದೇ ಇಲ್ಲ, ಚಪ್ಪಾಳೆಯೂ ಹಾಡೂ ಒಂದನ್ನೊಂದು ತಳ್ಳುತ್ತವೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಹಳೇ ಕ್ಯಾಸೆಟ್

ತಪ್ಪು ನನ್ನದು, ಅರ್ಧ ಹೇಳಿ ಬಿಟ್ಟಿದ್ದೆ. ನಾನು ಕೊಟ್ಟದ್ದು ಮೂರು-ಎರಡು ಕ್ಲಾವೆ. ಸಾಲ್ಸಾದ ಬಹಳಷ್ಟು ಹಾಡುಗಳು ಎರಡು-ಮೂರು, ಅಂದರೆ ಶಾಂತವಾದ ಅರ್ಧ ಮೊದಲು, ಎಳೆದಾಡುವ ಅರ್ಧ ಆಮೇಲೆ. ಆಗ ಸೊಲ್ಲು ಹೀಗಾಗುತ್ತದೆ: ಎರಡು ಮಾತ್ರೆ ಬಾಯಿ ಮುಚ್ಚಿಕೊಂಡಿರಿ, ಆಮೇಲೆ ತಕ ತಕದಿಮಿ ತಕಿಟ ತಕಿಟ ತಕ. ಕುಣಿತದ ಎಣಿಕೆಯಲ್ಲಿ ಎರಡು, ಮೂರು, ಐದು, ಆರೂವರೆ, ಎಂಟು.

ತಕದಿಮಿ

ಹಾಗಾದರೆ ಸಮದ ಮೇಲೆ ಕ್ಲಾವೆಯ ಪೆಟ್ಟೂ ಇಲ್ಲ! ಬೇಸ್ ಸಮಕ್ಕಿಂತ ಮೊದಲೇ ನುಡಿದು ಮುಗಿಸಿರುತ್ತದೆ, ಕ್ಲಾವೆ ಸಮ ದಾಟಿದ ಮೇಲೆ ಎದ್ದು ಬರುತ್ತದೆ; ಒಂದು ಅತೀತ, ಇನ್ನೊಂದು ಅನಾಗತ, ನಡುವಿನ ಖಾಲಿ ಜಾಗಕ್ಕೆ ನಾನು ಕಾಲಿಡಬೇಕು. ಈಗಷ್ಟೇ ಒಂದು ಹಾಡು ಹಾಕಿ, ಎರಡು ಮಾತ್ರೆ ಸುಮ್ಮನಿದ್ದು ಚಪ್ಪಾಳೆ ಶುರುಮಾಡಿದೆ. ಈ ಸಲ ತಳ್ಳಾಟವಿಲ್ಲ. ಅಡುಗೆಮನೆಯಿಂದ ಅಮ್ಮ ಬಂದು, ಇಷ್ಟು ವರ್ಷದ ಮೇಲೆ ಮತ್ತೆ ಪಾಠ ಶುರುವಾಯಿತೇ ಎಂದು ಕೇಳುತ್ತಿದ್ದಾರೆ.